ಪತ್ತನಾಜೆ ಕಳೀತು, ಇನ್ನು ಬೀಜ ಹಾಕಿದ್ರೆ ಆಗ್ತದಾ?

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಸೇರಿಸಿ ನೋಡಿದ್ರೆ ಮುಕ್ಕಾಲು ಪಾಲು ಒಂದೇ ಪ್ರಶ್ನೆ, "ತಡ ಆಯ್ತಾ ಅಕ್ಕ?" ಅಂತ. ಆಗದೆ ಎಂತ, ಏಪ್ರಿಲ್ ಮೇ ಪೂರ್ತಿ ಮದುವೆ, ಉಪನಯನ, ಕೋಲ, ಯಕ್ಷಗಾನದ ಆಟ, ಬೊಂಬಾಯಿಯಿಂದ ಬಂದ ನೆಂಟರು, ಇದ್ರಲ್ಲಿ ಹಿತ್ತಿಲಿಗೆ ಇಳಿಯುವವರು ಯಾರು? ಪತ್ತನಾಜೆಗೆ, ಅಂದ್ರೆ ಮೇ 24ರ ಹೊತ್ತಿಗೆ ಕೋಲ, ಆಟ ಎಲ್ಲ ನಿಲ್ಲುವ ದಿನ, ಗೆಜ್ಜೆ ಬಿಚ್ಚಿದ ಮೇಲೆಯೇ ನಮ್ಮವರಿಗೆ ಹಾರೆ ಎಲ್ಲಿ ಇಟ್ಟದ್ದು ಅಂತ ನೆನಪಾಗುವುದು. ನಮ್ಮ ಮನೆಯಲ್ಲೂ ಅದೇ ಕತೆ, ಹಾಗಾಗಿ ಯಾರಿಗೂ ಬೈಯುವ ಯೋಗ್ಯತೆ ನನಗಿಲ್ಲ. ಬಂದದ್ರಲ್ಲಿ ಒಂದೇ ರೀತಿಯದ್ದನ್ನೆಲ್ಲ ಒಟ್ಟು ಮಾಡಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ಮನೆ ಹಿಂದೆ ಸುಮಾರು ಎರಡು ಸೆಂಟ್ಸ್ ಜಾಗ ಖಾಲಿ ಉಂಟು, ಮುರಕಲ್ಲಿನ ಕೆಂಪು ಮಣ್ಣು. ಬೆಂಡೆ, ಅಲಸಂಡೆ, ಹೀರೆ ಹಾಕ್ಬೇಕು ಅಂತ ಮೇ ಮೊದಲ ವಾರವೇ ಬೀಜ ತಂದಿಟ್ಟಿದ್ದೆ, ತಂಗಿಯ ಮದುವೆ ಗಡಿಬಿಡಿಯಲ್ಲಿ ಆಗ್ಲೇ ಇಲ್ಲ. ಈಗ ಆಕಾಶ ನೋಡಿದ್ರೆ ಇವತ್ತೋ ನಾಳೆಯೋ ಅಂತ ಉಂಟು. ಬೀಜ ಹಾಕ್ಲಾ, ನರ್ಸರಿಯಿಂದ ಸಸಿ ತಂದು ನೆಡ್ಲಾ, ಇಲ್ಲ ಈ ವರ್ಷ ಬಿಟ್ಟೇ ಬಿಡ್ಲಾ?
(ಶಾಲೆ ಟೀಚರ್, ಸಂತೆಕಟ್ಟೆ)

ಉತ್ತರ: ಬಿಡುವುದೆಂತಕ್ಕೆ ಟೀಚರೇ, ಬೀಜ ತಂದಾಗಿದೆ, ಜಾಗ ಉಂಟು, ಇನ್ನೆಂತ ಬೇಕು. ಸಸಿ ಮಾತ್ರ ದುಡ್ಡು ಕೊಟ್ಟು ತರಬೇಡಿ, ಬೆಂಡೆ ಅಲಸಂಡೆ ಹೀರೆ ಇದ್ಯಾವುದೂ ಸಸಿ ತಂದು ನೆಡುವ ಜಾತಿಯಲ್ಲ. ಬೇರು ಅಲುಗಾಡಿದ್ರೆ ಅವಕ್ಕೆ ಸಿಟ್ಟು ಬರ್ತದೆ, ಹತ್ತು ದಿನ ಮುಖ ಊದಿಸಿ ಕೂತ್ಕೊಳ್ತವೆ. ನಾನು ನೋಡಿದ ಹಾಗೆ ಸುಲಭ ಲೆಕ್ಕ ಇಷ್ಟು: ಬೆರಳಲ್ಲಿ ಒಂದೊಂದಾಗಿ ಹೆಕ್ಲಿಕ್ಕೆ ಆಗುವಷ್ಟು ದೊಡ್ಡ ಬೀಜ ಆದ್ರೆ ಹೋಗ್ಬೇಕಾದ ಜಾಗಕ್ಕೇ ಹೋಗ್ಬೇಕು, ಬದನೆ ಮೆಣಸು ಟೊಮೆಟೊದ ಹಾಗೆ ಚಪ್ಪಟೆ ಸಣ್ಣ ಬೀಜ ಆದ್ರೆ ಸಸಿ ಮಾಡಿ ನೆಡ್ಬೇಕು. ಹರಿವೆ, ಮೂಲಂಗಿ ಸಣ್ಣದಾದ್ರೂ ನೇರ ನೆಲಕ್ಕೇ.

ಆದ್ರೆ ನಿಮ್ಮದು ಈಗ ನೇರ ನೆಲಕ್ಕೆ ಹಾಕುವ ಹೊತ್ತು ಕಳೆದಿದೆ, ಅದು ನಿಜ. ನನ್ನ ಅತ್ತೆಯವ್ರು ಬೇಶ ತಿಂಗಳು (ತುಳುವರ ಲೆಕ್ಕದಲ್ಲಿ ಮೇ ಮಧ್ಯದಿಂದ) ಹುಟ್ಟಿ ಎರಡು ಒಳ್ಳೆ ಮಳೆ ಬಿದ್ದ ಮರುದಿನ ಬೆಂಡೆ ಊರ್ತಿದ್ರು, ಕ್ಯಾಲೆಂಡರ್ ಎಲ್ಲ ನೋಡ್ತಿರ್ಲಿಲ್ಲ, ಕಾಲಲ್ಲಿ ಮಣ್ಣು ಮೆಟ್ಟಿ ನೋಡ್ತಿದ್ರು. ಲೆಕ್ಕ ಎಂತದ್ದು ಅಂದ್ರೆ, ಜೋರು ಮಳೆ ಹಿಡಿಯುವಾಗ ಗಿಡ ಒಂದು ಗೇಣು ಎದ್ದು ನಾಲ್ಕೈದು ಎಲೆ ಬಿಟ್ಟಿರ್ಬೇಕು, ಆಗ ಎಷ್ಟು ಹೊಡೆದ್ರೂ ನಿಲ್ತದೆ. ಅದೇ ಬೀಜ ಜೋರು ಮಳೆಯಲ್ಲಿ ಹಾಕಿದ್ರೆ ಅರ್ಧ ಬೀಜ ನೀರಲ್ಲಿ ತೇಲಿ ಪಕ್ಕದ ಮನೆಯವ್ರ ತೋಡಿಗೆ ಹೋಗ್ತದೆ, ಉಳಿದ ಅರ್ಧ ಮಣ್ಣು ಕಟ್ಟಿಕೊಂಡು ಅಲ್ಲೇ ಕೊಳೀತದೆ. ಮಳೆಯೂ ಈಗ ಹೇಳಿ ಕೇಳಿ ಬರುವುದಿಲ್ಲ, ಕೇರಳಕ್ಕೆ ಜೂನ್ 1 ಅಂತ ಲೆಕ್ಕ, ನಮಗೆ ಅದರ ನಂತರ ಮೂರ್ನಾಲ್ಕು ದಿನ, ಆದ್ರೆ 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಬಂದಾಯ್ತು, ಹೆಚ್ಚುಕಮ್ಮಿ ಪತ್ತನಾಜೆಗೇ! ಆ ವರ್ಷ ನಾನು "ಇನ್ನೊಂದು ವಾರ ಉಂಟಲ್ಲ" ಅಂತ ಕೂತು ಒಂದಿಡೀ ಪ್ಯಾಕೆಟ್ ಅಲಸಂಡೆ ಬೀಜ ಕಳ್ಕೊಂಡೆ.

ಹಾಗಾಗಿ ಈಗ ಮಾಡ್ಬೇಕಾದ್ದು ಹೀಗೆ. ಹಾಲಿನ ತೊಟ್ಟೆ (ಪ್ಲಾಸ್ಟಿಕ್ ಕವರ್) ಉಂಟಲ್ಲ, ಅರ್ಧ ಲೀಟರಿನದ್ದು, ಅದನ್ನು ತೊಳೆದು ಅಡಿಗೆ ನಾಲ್ಕು ತೂತು ಮಾಡಿ ಒಂದು ಪಾಲು ಮಣ್ಣು, ಒಂದು ಪಾಲು ಹುಡಿಯಾದ ಹಳೇ ಹಟ್ಟಿಗೊಬ್ಬರ, ಒಂದು ಪಾಲು ಹೊಯ್ಗೆ (ಮರಳು) ಕಲಸಿ ತುಂಬಿಸಿ. ಬೆಂಡೆ ಬೀಜ ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ತೇಲುವುದನ್ನು ಬಿಸಾಡಿ, ಮುಳುಗಿದ್ದನ್ನು ತೊಟ್ಟೆಗೆ ಎರಡರ ಹಾಗೆ ಊರಿ, ಬೆರಳಿನ ಒಂದು ಗೆಣ್ಣಿನಷ್ಟು ಆಳ ಸಾಕು. ಅಲಸಂಡೆ ನೆನೆಸುವುದು ಬೇಡ, ಅದು ಮೂರ್ನಾಲ್ಕು ದಿನದಲ್ಲಿ ತಾನೇ ಎದ್ದು ಬರ್ತದೆ. ಹೀರೆಯ ಸಿಪ್ಪೆ ಸ್ವಲ್ಪ ಗಟ್ಟಿ, ನೆನೆಸಿದ್ರೆ ಒಳ್ಳೇದು, ಹಾಗಲ ಆದ್ರೆ ಪೂರಾ ಒಂದು ದಿನ ನೆನೆಸಿ. ಪ್ಯಾಕೆಟಿನ ಬೀಜಕ್ಕೆ ಗುಲಾಬಿ ಬಣ್ಣ ಇದ್ರೆ ಅದು ಚಂದಕ್ಕೆ ಹಾಕಿದ್ದಲ್ಲ, ಬೀಜ ಕೊಳೆಯದ ಹಾಗೆ ಹಾಕಿದ ಔಷಧಿ, ಮಕ್ಕಳ ಕೈಗೆ ಕೊಡ್ಬೇಡಿ, ಊರಿದ ಮೇಲೆ ಕೈ ತೊಳೀರಿ. ತೊಟ್ಟೆಗಳನ್ನೆಲ್ಲ ಮಾಡಿನ ಅಡಿಯಲ್ಲಿ, ಮಳೆ ಬೀಳದ ಆದ್ರೆ ಬೆಳಕು ಬೀಳುವ ಜಾಗದಲ್ಲಿ ಸಾಲಾಗಿ ಇಡಿ. ಒಳಗೆ ಕತ್ತಲಲ್ಲಿ ಇಟ್ರೆ ಗಿಡ ನೂಲಿನ ಹಾಗೆ ಉದ್ದ ಆಗಿ ಬಗ್ತದೆ.

ಅಲ್ಲಿ ಅದು ಮೊಳೀತಾ ಇರುವಾಗ ಇಲ್ಲಿ ನೆಲದ ಕೆಲಸ. ನಮ್ಮ ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳ್ತದೆ, ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ ಸಮುದ್ರಕ್ಕೆ ಹಾಕ್ತದೆ, ಉಳಿಯುವುದು ಹುಳಿ ಮಣ್ಣು. ಹುಳಿ ಮಣ್ಣಲ್ಲಿ ಎಷ್ಟು ಗೊಬ್ಬರ ಸುರಿದ್ರೂ ಗಿಡಕ್ಕೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೆ ಸೆಂಟ್ಸಿಗೆ ಎರಡರಿಂದ ಮೂರು ಕೆಜಿ ಕೃಷಿ ಸುಣ್ಣ ಇಲ್ಲ ಡಾಲಮೈಟ್ ಹಾಕಿ ಮಣ್ಣಲ್ಲಿ ಚೆನ್ನಾಗಿ ಕಲಸಬೇಕು, ಗೋಡೆಗೆ ಬಳಿಯಲಿಕ್ಕೆ ತಂದ ಸುಣ್ಣ ಅಲ್ಲ ಮತ್ತೆ. ಸುಣ್ಣ ಹಾಕಿದ ಮೇಲೆ ಹತ್ತು ಹದಿನೈದು ದಿನ ಕಳೆದೇ ಗೊಬ್ಬರ ಹಾಕ್ಬೇಕು, ಎರಡೂ ಒಟ್ಟಿಗೆ ಬಿದ್ರೆ ಗೊಬ್ಬರದ ಸಾರಜನಕ ಗ್ಯಾಸಾಗಿ ಗಾಳಿಗೆ ಹೋಗ್ತದೆ, ಮೂಗಿಗೆ ವಾಸನೆ ಬರ್ತದಲ್ಲ, ಅದೇ. ನೋಡಿ, ನೆಲಕ್ಕೂ ಎರಡು ವಾರ ಬೇಕು, ತೊಟ್ಟೆಯಲ್ಲಿ ಸಸಿಗೂ ಎರಡು ವಾರ ಬೇಕು. ತಡ ಆದವರಿಗೆ ಇದೊಂದು ಲಾಭ.

ಮತ್ತೆ ಏರಿ, ಅಂದ್ರೆ ಎತ್ತರದ ಮಡಿ. ಇದೊಂದನ್ನು ಉದಾಸೀನ ಮಾಡಿದ್ರೆ ಉಳಿದದ್ದು ಎಲ್ಲ ವ್ಯರ್ಥ, ನಮ್ಮ ಊರಲ್ಲಿ ಮಳೆಗಾಲದ ತರಕಾರಿ ತಡ ಆಗಿ ಸತ್ತದ್ದಕ್ಕಿಂತ ನೀರು ನಿಂತು ಸತ್ತದ್ದು ಜಾಸ್ತಿ. ಒಂದಡಿಗಿಂತ ಎತ್ತರ, ಎರಡೂವರೆ ಮೂರಡಿ ಅಗಲ, ನಡುವೆ ಕಾಲಿಟ್ಟು ನಡೀಲಿಕ್ಕೂ ನೀರು ಹರಿದು ಹೋಗ್ಲಿಕ್ಕೂ ಆಗುವ ಹಾಗೆ ಕಣಿ. ಕಣಿ ಎಲ್ಲಿಗೆ ಹೋಗಿ ಮುಗೀತದೆ ಅಂತ ಮೊದಲೇ ನೋಡಿ, ನಮ್ಮವರು ಒಂದು ವರ್ಷ ಬಹಳ ಚಂದದ ಕಣಿ ಮಾಡಿ ನೀರನ್ನೆಲ್ಲ ಸೀದಾ ಬಾವಿಕಟ್ಟೆ ಹತ್ರ ತಂದು ನಿಲ್ಲಿಸಿದ್ರು. ಸುಡುಮಣ್ಣು (ತರಗೆಲೆ ಒಟ್ಟಿಗೆ ಸುಟ್ಟ ಮಣ್ಣು) ಮಾಡುವ ಜಾಗ, ತರಗೆಲೆ, ಪುರ್ಸೊತ್ತು ಇದ್ರೆ ಅದರಷ್ಟು ಒಳ್ಳೇದು ಬೇರೆ ಇಲ್ಲ, ಮಳೆ ಮೊದಲೇ ಆಗ್ಬೇಕು ಅಷ್ಟೆ. ಇಲ್ಲದಿದ್ರೆ ಒಲೆ ಬೂದಿ ಸ್ವಲ್ಪ, ಹಟ್ಟಿಗೊಬ್ಬರ, ಗಿಡಕ್ಕೆ ಒಂದು ಮುಷ್ಟಿ ಬೇವಿನಹಿಂಡಿ ಸಾಕು. ಏರಿ ಮೇಲೆ ಮಾವಿನದ್ದೋ ಗೇರಿನದ್ದೋ ತರಗೆಲೆ ದಪ್ಪಕ್ಕೆ ಹಾಸಿ, ಮಳೆ ಹನಿ ಸೀದಾ ಮಣ್ಣಿಗೆ ಬಡಿದು ಮಣ್ಣು ಎಲೆಗೆ ಹಾರುವುದು ತಪ್ತದೆ, ಅರ್ಧ ರೋಗ ಆ ಹಾರಿದ ಮಣ್ಣಲ್ಲೇ ಬರುವುದು.

ಸಸಿ ಎರಡನೇ ಜೋಡಿ ಎಲೆ ಬಿಡುವಾಗ, ಹನ್ನೆರಡರಿಂದ ಹದಿನೈದು ದಿನದೊಳಗೆ, ಮಳೆ ಸ್ವಲ್ಪ ಬಿಟ್ಟ ಒಂದು ಸಂಜೆ ನೆಡಿ. ತೊಟ್ಟೆಯಿಂದ ಎಳೀಬೇಡಿ, ಬ್ಲೇಡಲ್ಲಿ ಒಂದು ಬದಿ ಸೀಳಿ, ಮಣ್ಣಿನ ಮುದ್ದೆ ಒಡೆಯದ ಹಾಗೆ ಅಂಗೈಯಲ್ಲಿ ಇಟ್ಟುಕೊಂಡು ಗುಂಡಿಗೆ ಇಳಿಸಿ. ಬೆಂಡೆಗೆ ತಾಯಿಬೇರು ಸೀದಾ ಕೆಳಗೆ ಹೋಗ್ತದೆ, ಹದಿನೈದು ದಿನ ದಾಟಿದ್ರೆ ಅದು ತೊಟ್ಟೆಯ ಅಡಿಯಲ್ಲಿ ಸುತ್ತು ಹೊಡೆದು ಬಗ್ಗಿಹೋಗಿರ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಬೆಂಡೆ ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಕಾರ್ಕಳ ಕಡೆಯ ಬಿಳಿ ಬೆಂಡೆ ಆದ್ರೆ ಇನ್ನೂ ಸ್ವಲ್ಪ ಬಿಡಿ, ಅದು ಆಳೆತ್ತರ ದಾಟ್ತದೆ. ಹೀರೆಗೆ ಅಡಿಕೆ ಸಲಾಕೆಯ ಚಪ್ಪರ ಈಗಲೇ ಹಾಕಿ, ಬಳ್ಳಿ ಹೋದ ಮೇಲೆ ಚಪ್ಪರ ಹಾಕುವುದು ಮಳೆಯಲ್ಲಿ ಕೊಡೆ ಹುಡುಕಿದ ಹಾಗೆ. ಜೂನ್ ಎರಡನೇ ವಾರ ನೆಟ್ರೆ ಜುಲೈ ಕೊನೆಗೆ, ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಬೆಂಡೆ ಕೊಯ್ಲಿಕ್ಕೆ ಸುರು ಆಗ್ತದೆ, ಅಷ್ಟಮಿ ಚೌತಿ ಹೊತ್ತಿಗೆ ಬುಟ್ಟಿ ತುಂಬ್ತದೆ. ಚೌತಿ ಟೈಮಲ್ಲಿ ಊರ ಬೆಂಡೆಯ ರೇಟು ಎಷ್ಟಿರ್ತದೆ ಅಂತ ನಿಮಗೂ ಗೊತ್ತುಂಟಲ್ಲ.

ಪ್ರಶ್ನೆ: ಹರಿವೆ ಬೀಜ ಎರಡು ಸಲ ಹಾಕಿದೆ, ಒಂದೂ ಮೊಳೀಲಿಲ್ಲ. ಬೀಜವೇ ಹಾಳಾ?
(ಗೃಹಿಣಿ, ಮೂಲ್ಕಿ)

ಉತ್ತರ: ಬೀಜ ಹಾಳಲ್ಲ ಅಮ್ಮ, ಇರುವೆ ಹೊತ್ತುಕೊಂಡು ಹೋಗಿದೆ. ಹಾಕಿದ ಅರ್ಧ ಗಂಟೆ ನಂತರ ಕೂತು ನೋಡಿ, ಕರಿ ಬೀಜ ಬೆನ್ನ ಮೇಲೆ ಇಟ್ಟುಕೊಂಡು ಮದುವೆ ದಿಬ್ಬಣದ ಹಾಗೆ ಸಾಲಾಗಿ ಹೋಗ್ತಾ ಇರ್ತವೆ. ಬೀಜಕ್ಕೆ ನಾಲ್ಕು ಪಾಲು ಒಣ ಹೊಯ್ಗೆ ಸೇರಿಸಿ ತೆಳ್ಳಗೆ ಉದುರಿಸಿ, ಮೇಲೆ ಗೊಬ್ಬರದ ಹುಡಿ ಜರಡಿ ಹಿಡೀರಿ, ಮತ್ತೆ ಮಡಿಯ ಸುತ್ತ ಒಂದು ಹಿಡಿ ಅಕ್ಕಿ ತರಿ ಇಲ್ಲ ರವೆ ಉದುರಿಸಿ. ಅವು ರವೆ ಸಾಗಿಸುವುದ್ರಲ್ಲೇ ಬ್ಯುಸಿ ಆಗಿರ್ತವೆ, ಅಷ್ಟರಲ್ಲಿ ನಾಲ್ಕನೇ ದಿನಕ್ಕೆ ನಿಮ್ಮ ಹರಿವೆ ಎದ್ದಿರ್ತದೆ. ಮಳೆ ಹಿಡಿದ್ರೆ ಮೇಲಿಂದ ಹಳೇ ತೆಂಗಿನ ಮಡಲು ನಾಲ್ಕು ದಿನ ಮುಚ್ಚಿ ಇಡಿ, ಮೊಳಕೆ ಕಂಡ ಕೂಡ್ಲೇ ತೆಗೀರಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಪದಾರ್ಥಕ್ಕೆ (ಸಾಂಬಾರು, ಪಲ್ಯಕ್ಕೆ) ಆಗ್ತದೆ.

ಪ್ರಶ್ನೆ: ಮೇಡಂ, ನಾನು ಟೊಮೆಟೊ ಮತ್ತು ಹಸಿಮೆಣಸಿನ ಇಪ್ಪತ್ತು ಸಸಿ ತಂದು ನೆಟ್ಟೆ. ಚಂದ ಇದ್ದವು, ಕೆಲವಕ್ಕೆ ಹೂವೂ ಇತ್ತು. ಹತ್ತನೇ ದಿನದಿಂದ ಒಂದೊಂದೇ ಬಾಡಿ ಬೀಳ್ತಾ ಉಂಟು, ಎಲೆ ಹಸುರು ಹಸುರೇ ಉಂಟು, ನೀರು ಹಾಕಿದ್ರೂ ಏಳುವುದಿಲ್ಲ. ನರ್ಸರಿಯವನಿಗೆ ಕೇಳಿದ್ರೆ ನಿಮ್ಮ ಮಣ್ಣು ಸರಿ ಇಲ್ಲ ಅಂತಾನೆ. ಯಾರದ್ದು ತಪ್ಪು?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಸುರತ್ಕಲ್)

ಉತ್ತರ: ತೀರ್ಪು ಕೊಡುವ ಮೊದಲು ಒಂದು ಪರೀಕ್ಷೆ ಮಾಡುವ ಸಾರ್, ಖರ್ಚಿಲ್ಲ. ಇವತ್ತು ಬಾಡಿದ ಗಿಡ ಒಂದನ್ನು ಬುಡಸಮೇತ ಕೀಳಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಪ್ಪಾಗಿ, ಹಿಸುಕಿದ್ರೆ ಮೆತ್ತಗೆ ಇದ್ರೆ ಅದು ಬುಡ ಕೊಳೆಯುವ ರೋಗ, ನೀರು ಜಾಸ್ತಿ ಆಗಿ ಬಂದದ್ದು. ಹಾಗಿಲ್ಲದೆ ಬುಡ ಗಟ್ಟಿ ಇದ್ರೆ ಕಾಂಡದ ಕೆಳಗಿನ ಭಾಗದಿಂದ ಎರಡು ಮೂರು ಇಂಚಿನ ತುಂಡು ಹರಿತದ ಚಾಕುವಲ್ಲಿ ಕತ್ತರಿಸಿ, ಗಾಜಿನ ಗ್ಲಾಸಲ್ಲಿ ಶುದ್ಧ ನೀರು ತುಂಬಿಸಿ, ತುಂಡಿನ ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿದು ಅಲುಗಾಡಿಸದೆ ನೋಡಿ. ಐದು ನಿಮಿಷದೊಳಗೆ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳೀತಾ ಬಂದ್ರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಹಸಿರಿರುವಾಗಲೇ ಬಾಡುವುದು ಅಂತ ನೀವು ಬರೆದದ್ದು ನೋಡಿದ್ರೆ ನನಗೆ ಇದೇ ಅಂತ ಕಾಣ್ತದೆ. ಮೊದಲ ಸಲ ನಾನು ಈ ಪರೀಕ್ಷೆ ಮಾಡಿದಾಗ ಗ್ಲಾಸನ್ನು ಕಿಟಕಿಗೆ ಹಿಡಿದು ನೋಡಿ ಮೈ ಜುಮ್ಮೆಂದಿತ್ತು, ಅಗರಬತ್ತಿ ಹೊಗೆ ತಲೆಕೆಳಗಾಗಿ ಇಳಿದ ಹಾಗೆ ಕಾಣ್ತದೆ.

ಆ ಬ್ಯಾಕ್ಟೀರಿಯಾ ಇರುವುದು ಮಣ್ಣಲ್ಲಿ, ಹುಳಿ ಮಣ್ಣು, ಸೆಕೆ, ನಿಂತ ನೀರು ಮೂರೂ ಸಿಕ್ಕಿದ್ರೆ ಅದಕ್ಕೆ ಹಬ್ಬ, ಕರಾವಳಿಯಲ್ಲಿ ಮೂರಕ್ಕೂ ಬರ ಇಲ್ಲ. ಹಾಗಾಗಿ ನರ್ಸರಿಯವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದ್ರೆ ಸಸಿಯ ಟ್ರೇ ಮಣ್ಣಿನಿಂದಲೂ ಬರ್ಬಹುದು, ಹಾಗಾಗಿ ನೀವು ಹೇಳುವುದೂ ಸುಳ್ಳಲ್ಲ. ಬಾಡಿದ್ದನ್ನು ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕ್ಬೇಡಿ, ಹಾರೆ ಕತ್ತಿ ತೊಳೀರಿ. ಆ ಜಾಗದಲ್ಲಿ ಮೂರು ವರ್ಷ ಟೊಮೆಟೊ, ಮೆಣಸು, ಬದನೆ ಬೇಡ, ಅಲಸಂಡೆ ಹರಿವೆ ಜೋಳ ಹಾಕಿ.

ಇನ್ನು ಹೂ ಬಿಟ್ಟ ಸಸಿ. ಅದು ನನಗೂ ಒಂದು ಕಾಲದಲ್ಲಿ ವೀಕ್ನೆಸ್, ಹೂ ಕಂಡ್ರೆ ನಾಳೆಯೇ ಕಾಯಿ ಬರ್ತದೆ ಅಂತ ಆಸೆ. ಒಂದು ಕಡೆಯಿಂದ ಹೂ ಬಿಟ್ಟ ಮೆಣಸಿನ ಹನ್ನೆರಡು ಸಸಿ ತಂದು, ಎರಡೆರಡು ಕಾಯಿ ಕೊಟ್ಟು ಅವು ಅಲ್ಲೇ ಕುಗ್ಗಿ ಕೂತವು. ಟ್ರೇಯ ಸಣ್ಣ ಗುಳಿಯಲ್ಲಿ ಜಾಗ ಸಾಲದೆ ಬೇರು ಸುತ್ತು ಬಂದು, ಇನ್ನು ತನಗೆ ಉಳಿಗಾಲ ಇಲ್ಲ ಅಂತ ಗಿಡಕ್ಕೆ ಅನಿಸಿದಾಗ ಹೂ ಬಿಡುವುದು ಅದು. ಸಸಿ ತರುವಾಗ ಮೋಟು ಇರುವುದನ್ನು ತನ್ನಿ, ಕಾಂಡ ದಪ್ಪ, ನಾಲ್ಕೈದು ಎಲೆ, ಹೂ ಇರ್ಬಾರ್ದು. ಎಲೆ ಮಗುಚಿ ನೋಡಿ, ತಟ್ಟಿದಾಗ ಬಿಳಿ ನೊಣ ಹಾರಿದ್ರೆ ಅಲ್ಲೇ ಬಿಟ್ಟು ಬನ್ನಿ. ಒಂದನ್ನು ಗುಳಿಯಿಂದ ಎತ್ತಿ ತೋರಿಸ್ಲಿಕ್ಕೆ ಹೇಳಿ, ಬೇರು ಬಿಳಿ ಇರ್ಬೇಕು. ತೋರಿಸುವುದಿಲ್ಲ ಅಂದ್ರೆ ಬೇರೆ ಅಂಗಡಿ ಉಂಟು. ತಂದ ದಿನವೇ ನೆಡ್ಬೇಡಿ, ಅವು ನೆರಳುಬಲೆಯ ಅಡಿಯಲ್ಲಿ ಬೆಳೆದ ಮಕ್ಕಳು, ನಾಲ್ಕೈದು ದಿನ ಬೆಳಗಿನ ಬಿಸಿಲಿಗೆ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ.

ಟೊಮೆಟೊ ನನ್ನ ಮಾತು ಕೇಳಿದ್ರೆ ಈಗ ಬೇಡವೇ ಬೇಡ. ಮಳೆ ಕಡಿಮೆ ಆದ ಮೇಲೆ ಸೆಪ್ಟೆಂಬರ್ ಅಕ್ಟೋಬರಲ್ಲಿ ನೆಡಿ, ಆಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ರಕ್ಷಕ್ ಸಿಗ್ತದಾ ನೋಡಿ, ಎಲೆ ಮುರುಟು, ಸೊರಗು, ಅಂಗಮಾರಿ ಮೂರಕ್ಕೂ ತಡೆಯುವ ಶಕ್ತಿ ಇರುವ ತಳಿ. ಹೈಬ್ರಿಡ್ ಅದು, ಬೀಜ ಎತ್ತಿಟ್ರೆ ಮುಂದಿನ ವರ್ಷ ಹಾಗೆಯೇ ಬರುವುದಿಲ್ಲ.

ಪ್ರಶ್ನೆ: ಅಕ್ಕಾವ್ರ, ನಾನು ಹುಬ್ಬಳ್ಳಿಯಾಕಿ, ಲಗ್ನ ಆಗಿ ಹಿರಿಯಡ್ಕಕ್ಕ ಬಂದೀನಿ. ಬಾಜೂ ಮನೀ ಅಮ್ಮ ಮಟ್ಟು ಗುಳ್ಳದ ಬೀಜ ಕೊಟ್ಟಾರ. ನಮ್ಮ ಕಡೆ ಮಳೀ ಬಂತಂದ್ರ ಬದನಿ ಸಸಿ ಹಚ್ಚತಾರ. ಇಲ್ಲೂ ಈಗ ಹಾಕಬೇಕೇನ್ರಿ?
(ಹೊಸ ಸೊಸಿ, ಹಿರಿಯಡ್ಕ)

ಉತ್ತರ: ಬೇಡ ತಂಗಿ, ತಡೀರಿ! ನಿಮ್ಮ ಹುಬ್ಬಳ್ಳಿ ಮಳೆಯೇ ಬೇರೆ, ಅಲ್ಲಿ ಮಳೆ ಅಂದ್ರೆ ನೀರು ಬಂತು ಅಂತ ಖುಷಿ, ಇಲ್ಲಿ ಮಳೆ ಅಂದ್ರೆ ನೀರು ಎಲ್ಲಿಗೆ ಬಿಡುವುದು ಅಂತ ಚಿಂತೆ. ಗುಳ್ಳ ಬದನೆ ಮಳೆ ಮುಗಿಯುವಾಗ ನೆಡುವ ಗಿಡ. ಆಗಸ್ಟ್ ಕೊನೆ ಸೆಪ್ಟೆಂಬರಲ್ಲಿ ಬೀಜ ಹಾಕಿ, ತಿಂಗಳ ಸಸಿ ಆದ ಮೇಲೆ ನೆಟ್ರೆ ಡಿಸೆಂಬರಿಂದ ಬೇಸಿಗೆವರೆಗೆ ಕಾಯಿ. ಈಗ ನೆಟ್ರೆ ಆಟಿ ಮಳೆಗೆ ಬುಡ ಕೊಳೀತದೆ.

ಅಲ್ಲಿಯವರೆಗೆ ಬೀಜ ಇಡುವುದು ಹೇಗೆ ಅಂತ ಹೇಳ್ತೇನೆ, ಯಾಕಂದ್ರೆ ಮಳೆಗಾಲದಲ್ಲಿ ಇಲ್ಲಿ ಉಪ್ಪು ನೀರಾಗ್ತದೆ, ಚಪ್ಪಲಿಗೆ ಬೂಷ್ಟು ಹಿಡೀತದೆ, ಬೀಜ ಬಿಟ್ಟೀತಾ? ಒಂದು ದಿನ ನೆರಳಲ್ಲಿ ಆರಿಸಿ, ಒಲೆಯ ತಣಿದ ಬೂದಿಯಲ್ಲಿ ಹೊರಳಿಸಿ, ಗಾಜಿನ ಬಾಟ್ಲಿಗೆ ಹಾಕಿ ಮುಚ್ಚಳ ಗಟ್ಟಿ ಹಾಕಿ, ಒಲೆ ಹತ್ರದ ಶೆಲ್ಫಲ್ಲಿ ಅಲ್ಲ, ತಣ್ಣಗಿನ ಕತ್ತಲೆ ಮೂಲೆಯಲ್ಲಿ ಇಡಿ. ಹಿಂದಿನವರು ಹೀರೆ ಸೌತೆ ಬೀಜವನ್ನು ಸೆಗಣಿಯಲ್ಲಿ ಅದ್ದಿ ಗೋಡೆಗೆ ಅಂಟಿಸಿ ಇಡ್ತಿದ್ರು, ಹೊಸ ಪೇಂಟ್ ಹೊಡೆದ ಗೋಡೆ ಆದ್ರೆ ಅತ್ತೆಯವ್ರನ್ನು ಕೇಳಿ ಅಂಟಿಸಿ. ಹಾಕುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ವಾರ ಹತ್ತು ದಿನ ಇಡಿ, ಏಳಕ್ಕಿಂತ ಜಾಸ್ತಿ ಮೊಳೆತ್ರೆ ಒಳ್ಳೆ ಬೀಜ.

ಒಂದು ವಿಷಯ ಗೊತ್ತಿರ್ಲಿ, ಹಿರಿಯಡ್ಕದಲ್ಲಿ ಬೆಳೆದ್ರೆ ತಿನ್ಲಿಕ್ಕೆ ಗುಳ್ಳವೇ, ಆದ್ರೆ ಅದನ್ನು ಮಟ್ಟು ಗುಳ್ಳ ಅಂತ ಮಾರುವ ಹಾಗಿಲ್ಲ. ಕಟಪಾಡಿ ಹತ್ತಿರದ ಮಟ್ಟು ಊರಿನ ಗುಳ್ಳಕ್ಕೆ 2011ರಲ್ಲಿ ಜಿಐ ಟ್ಯಾಗ್ (ಆ ಊರಿನ ಬೆಳೆಗೆ ಮಾತ್ರ ಆ ಹೆಸರು ಅನ್ನುವ ಗುರುತು) ಸಿಕ್ಕಿದೆ. ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಅಂತ ಆ ಊರವರ ನಂಬಿಕೆ, ಹೊಳೆ ಮತ್ತು ಸಮುದ್ರದ ನಡುವಿನ ಆ ಹೊಯ್ಗೆ ಮಣ್ಣಿಗೇ ಆ ರುಚಿ ಅಂತ ನನ್ನ ನಾಲಿಗೆಯ ನಂಬಿಕೆ. ಈ ಮಳೆಗಾಲಕ್ಕೆ ನಿಮಗೆ ಎಂತಾದ್ರೂ ನೆಡ್ಲೇಬೇಕು ಅಂತ ಕೈ ತುರಿಸ್ತಾ ಇದ್ರೆ ಬಾಜೂ ಮನೆ ಅಮ್ಮನ ಹತ್ರ ಕೆಸುವಿನ ಗಡ್ಡೆ ಕೇಳಿ, ನೀರು ನಿಂತ್ರೂ ಅದಕ್ಕೆ ಬೇಜಾರಿಲ್ಲ, ಆಟಿಗೆ ಪತ್ರೊಡೆ ಕಲಿತ್ರೆ ಅತ್ತೆ ಮನೆಯಲ್ಲಿ ನೀವೇ ರಾಣಿ.

ಪ್ರಶ್ನೆ: ಬಿಜೈಯಲ್ಲಿ ನಾಲ್ಕನೇ ಮಾಳಿಗೆ ಫ್ಲ್ಯಾಟ್. ಬಾಲ್ಕನಿಗೆ ಬೆಳಿಗ್ಗೆ ಮೂರು ಗಂಟೆ ಬಿಸಿಲು. ಎಂತ ಬೆಳೆಸ್ಬಹುದು?
(ಐಟಿ ದಂಪತಿ, ಮಂಗಳೂರು)

ಉತ್ತರ: ಕಾಯಿಯ ಆಸೆ ಬಿಡಿ, ಬೆಂಡೆಗೆ ಐದಾರು ಗಂಟೆ ಬಿಸಿಲು ಬೇಕು. ಸೊಪ್ಪು ಬೆಳೆಸಿ, ಬಸಳೆಯಿಂದ ಸುರು ಮಾಡಿ, ಅದಕ್ಕೆ ಬೀಜವೂ ಬೇಡ ಸಸಿಯೂ ಬೇಡ. ಮಾರ್ಕೆಟಿಂದ ಬಸಳೆ ಕಟ್ಟು ತರುವಾಗ ದಪ್ಪ ದಂಟಿನದ್ದು ನೋಡಿ ತನ್ನಿ, ಎಲೆ ಪದಾರ್ಥಕ್ಕೆ, ದಂಟಲ್ಲಿ ಬಲಿತ ಎರಡು ಮೂರು ತುಂಡು ಚೀಲಕ್ಕೆ. ನಾಲ್ಕು ಗೆಣ್ಣಿನ ತುಂಡು, ಎರಡು ಗೆಣ್ಣು ಮಣ್ಣೊಳಗೆ, ಸ್ವಲ್ಪ ಓರೆಯಾಗಿ. ವಾರದಲ್ಲಿ ಚಿಗುರ್ತದೆ, ಒಂದೂವರೆ ಎರಡು ತಿಂಗಳಿಗೆ ಮೊದಲ ಕೊಯ್ಲು. ಗ್ರೋ ಬ್ಯಾಗಿಗೆ ಬರೀ ಕೋಕೋಪೀಟ್ ತುಂಬಿಸ್ಬೇಡಿ, ಮಳೆಗಾಲದಲ್ಲಿ ಅದು ಸ್ಪಂಜಿನ ಹಾಗೆ ನೀರು ಹಿಡ್ಕೊಂಡು ಕೂತ್ಕೊಳ್ತದೆ, ಕಾಲು ಭಾಗ ಸಾಕು. ಚೀಲವನ್ನು ಎರಡು ಇಟ್ಟಿಗೆ ಮೇಲೆ ಇಡಿ. ಕೆಳಗಿನ ಮನೆಯವರ ಒಣಗಲಿಕ್ಕೆ ಹಾಕಿದ ಬಟ್ಟೆಗೆ ಕೆಂಪು ನೀರು ಬಿದ್ರೆ ಅಸೋಸಿಯೇಷನ್ ಮೀಟಿಂಗಲ್ಲಿ ಬಸಳೆಯೇ ಅಜೆಂಡಾ ಆಗ್ತದೆ, ಅದಕ್ಕೆ ನಾನು ಜವಾಬ್ದಾರಿ ಅಲ್ಲ.

ಪ್ರಶ್ನೆ: ಸಸಿ ನೆಟ್ಟ ರಾತ್ರಿಯೇ ದೊಡ್ಡ ಬಸವನಹುಳು ತಿಂದು ಮುಗಿಸ್ತದೆ, ಉಳಿದದ್ದನ್ನು ಬೆಳಿಗ್ಗೆ ನವಿಲು. ಎಂತ ಮಾಡುವುದು?
(ಕೃಷಿಕರು, ಬಜಪೆ)

ಉತ್ತರ: ಬಸವನಹುಳುವಿಗೆ ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಒದ್ದೆ ಗೋಣಿ ಕೆಳಗೆ ಪಪ್ಪಾಯಿ ಎಲೆ ಇಟ್ರೆ ಎಲ್ಲ ಅಲ್ಲೇ ಬಂದು ಸೇರ್ತವೆ, ಹೆಕ್ಕಿ ಗಟ್ಟಿ ಉಪ್ಪು ನೀರಿನ ಬಕೆಟಿಗೆ ಹಾಕಿ. ಬರಿ ಕೈಯಲ್ಲಿ ಮುಟ್ಬೇಡಿ, ಆಫ್ರಿಕನ್ ಬಸವನಹುಳುವಿನಲ್ಲಿ ಮನುಷ್ಯನ ಮೆದುಳಿಗೆ ತೊಂದರೆ ಕೊಡುವ ಪರೋಪಜೀವಿ ಇರ್ಬಹುದು, ಕೈಗೆ ತೊಟ್ಟೆ ಕಟ್ಟಿಕೊಳ್ಳಿ. ಆ ಉಪ್ಪು ನೀರನ್ನು ಗಿಡದ ಬುಡಕ್ಕೆ ಚೆಲ್ಬೇಡಿ ಮತ್ತೆ. ನವಿಲಿಗೆ ಕಲ್ಲು ಹೊಡೆಯುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಉಂಟು. ಮಲ್ಪೆ ಇಲ್ಲ ಬಂದರು ಕಡೆ ಹೋದ್ರೆ ಹಳೇ ಮೀನಿನ ಬಲೆ ಕಡಿಮೆಗೆ ಸಿಗ್ತದೆ, ಗಿಡ ಸೊಂಟದೆತ್ತರ ಆಗುವವರೆಗೆ ಮೇಲಿಂದ ಹಾಕಿ. ಮೊದಲ ಎರಡು ದಿನ ಮೀನಿನ ವಾಸನೆಗೆ ಬೆಕ್ಕು ಬರ್ತದೆ, ಅದು ಬೇರೆ.

ಪ್ರಶ್ನೆ: ಮಗಳು ಅಳಿಯ ನ್ಯೂಜೆರ್ಸಿಯಲ್ಲಿ ಮನೆ ತಗೊಂಡಿದ್ದಾರೆ, ಹಿಂದೆ ಜಾಗ ಉಂಟಂತೆ. ಅಲ್ಲಿ ಈಗ ವಸಂತ ಮುಗೀತಾ ಬಂತು, ತಡ ಆಯ್ತು ಅಂತ ಅವಳಿಗೆ ಬೇಸರ. ನಾನು ಜೂನ್ ಮೊದಲ ವಾರ ಹೋಗುವವಳು, ಹರಿವೆ ಬಸಳೆ ಬೀಜ ತಗೊಂಡು ಹೋಗ್ಲಾ?
(ಒಬ್ಬರು ಅಮ್ಮ, ಕುಂಜಿಬೆಟ್ಟು)

ಉತ್ತರ: ಬೀಜ ಸೂಟ್‌ಕೇಸಲ್ಲಿ ಹಾಕ್ಬೇಡಿ ಅಮ್ಮ, ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದ ಬೀಜ ಏರ್‌ಪೋರ್ಟಲ್ಲೇ ತೆಗೆದಿಡ್ತಾರೆ, ದಂಡವೂ ಬೀಳ್ಬಹುದು. ಅಲ್ಲೇ ಇಂಡಿಯನ್ ತರಕಾರಿ ಬೀಜ ಮಾರುವವರು ಬೇಕಾದಷ್ಟು ಜನ ಇದ್ದಾರೆ. ತಡದ ವಿಷಯಕ್ಕೆ ಮಗಳಿಗೆ ಹೇಳಿ, ಪಾಲಕ್, ಬಟಾಣಿಗೆ ತಡ ಆದದ್ದು ಹೌದು, ಅವಕ್ಕೆ ಚಳಿ ಬೇಕು, ಈಗ ಹಾಕಿದ್ರೆ ಪಾಲಕ್ ಉದ್ದ ಹಗಲಿಗೆ ಬೇಗ ಹೂವಿಗೆ ಹೋಗ್ತದೆ, ಬಟಾಣಿ ಸೆಕೆಗೆ ಸೊರಗ್ತದೆ. ಆದ್ರೆ ನಮ್ಮ ಊರ ತರಕಾರಿಗೆ ಈಗಲೇ ಸರಿಯಾದ ಹೊತ್ತು. ಅಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಡುವ ಚಳಿ ಸಾಮಾನ್ಯವಾಗಿ ಮೇ ಮಧ್ಯಕ್ಕೆ ನಿಲ್ತದೆ, ನೆಲ ಬಿಸಿಯಾಗುವುದು ಅದರ ನಂತರ. ಬೆಂಡೆ ಬೀಜ ತಣ್ಣಗಿನ ಮಣ್ಣಿಗೆ ಹಾಕಿದ್ರೆ ಮೊಳೆಯುವ ಬದಲು ಕೊಳೀತದೆ, 20 ಡಿಗ್ರಿ ಮೇಲಾದ್ರೂ ಬೇಕು. ಬೇಗ ಹಾಕಿದ ಪಕ್ಕದ ಮನೆಯವರಿಗಿಂತ ಇವಳದ್ದೇ ಮೊದಲು ಎದ್ದರೂ ಎದ್ದೀತು.

ಬೆಂಡೆ, ಅಲಸಂಡೆ, ಸೌತೆ, ಹರಿವೆ ನೇರ ಬೀಜ. ಮೆಣಸು, ಬದನೆ, ಟೊಮೆಟೊ ಈಗ ಬೀಜದಿಂದ ಸುರು ಮಾಡಿದ್ರೆ ಕಾಯಿ ಬಿಡುವಾಗ ಅಲ್ಲಿ ಚಳಿ ಬಂದಿರ್ತದೆ, ಅದಕ್ಕೆ ಸಸಿ ಕೊಂಡುಕೊಳ್ಳಿ, ಅಲ್ಲಿ ಮಾತ್ರ ದುಡ್ಡು ಕೊಟ್ಟದ್ದು ಸಾರ್ಥಕ. ಬಸಳೆ ಅಲ್ಲಿ ಇಲ್ಲಿಗಿಂತ ಚಂದ ಬಂದ್ರೆ ಆಶ್ಚರ್ಯ ಪಡ್ಬೇಡಿ, ಬೇಸಿಗೆಯಲ್ಲಿ ಹಗಲು ಉದ್ದ ಇರುವುದರಿಂದ ಹೂವಿಗೆ ಹೋಗದೆ ಬರೀ ಎಲೆ ಬಿಡ್ತದೆ. ಮಣ್ಣಿಗೆ ಸುಣ್ಣ ಹಾಕು ಅಂತ ನಾನು ಮೇಲೆ ಬರೆದದ್ದನ್ನು ಮಾತ್ರ ಅವಳಿಗೆ ಹೇಳ್ಬೇಡಿ, ಅದು ನಮ್ಮ ಮುರಕಲ್ಲು ಮಣ್ಣಿಗೆ ಹೇಳಿದ್ದು. ಅವರು ಅಲ್ಲಿನ ಮಣ್ಣು ಟೆಸ್ಟ್ ಮಾಡಿಸಿ ನೋಡ್ಲಿ.

ಪ್ರಶ್ನೆ: ಒಳ್ಳೆ ಬೀಜ, ಸಸಿ ನಂಬಿಕೆಯಿಂದ ಎಲ್ಲಿ ಸಿಗ್ತದೆ?
(ಹಲವರು)

ಉತ್ತರ: ಮೊದಲು ಪಕ್ಕದ ಮನೆಯ ಅಜ್ಜಿ. ಐದಾರು ವರ್ಷ ಇದೇ ಮಳೆಯಲ್ಲಿ ನಿಂತು ಕಾಯಿ ಬಿಟ್ಟ ಗಿಡದ ಬೀಜ ಅವರ ಡಬ್ಬಿಯಲ್ಲಿ ಇರ್ತದೆ, ಅದಕ್ಕೆ ಪ್ಯಾಕೆಟ್ ಸಮ ಅಲ್ಲ. ಅದಿಲ್ಲದಿದ್ರೆ ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಮಂಗಳೂರಿನವರಿಗೆ ಕಂಕನಾಡಿಯದ್ದು, ಮತ್ತೆ ತೋಟಗಾರಿಕೆ ಇಲಾಖೆ. ಎಂತ ಉಂಟು ಎಂತ ಇಲ್ಲ ಅಂತ ಫೋನ್ ಮಾಡಿ ಕೇಳಿಯೇ ಹೊರಡಿ, ಬೇಶ ತಿಂಗಳಲ್ಲಿ ಬೇಗ ಖಾಲಿ ಆಗ್ತದೆ. ಬೆಂಡೆಯಲ್ಲಿ ಎಲೆ ಹಳದಿಯಾಗುವ ರೋಗ ನಿಮ್ಮಲ್ಲಿ ಜಾಸ್ತಿ ಇದ್ರೆ ಅರ್ಕಾ ಅನಾಮಿಕ ಕೇಳಿ. ಪ್ಯಾಕೆಟ್ ಆದ್ರೆ ತಾರೀಕು ನೋಡಿ, ಕಳೆದ ವರ್ಷದ್ದಾದ್ರೆ ಒದ್ದೆ ಬಟ್ಟೆ ಪರೀಕ್ಷೆ. ಸಸಿ ತರ್ಲಿಕ್ಕೆ ಹೋಗುವವರು ಒಂದು ಗಟ್ಟಿ ರಟ್ಟಿನ ಪೆಟ್ಟಿಗೆಯೂ ಕೊಡೆಯೂ ತಗೊಂಡು ಹೋಗಿ, ನಾನು ಕಳೆದ ವರ್ಷ ಮೂವತ್ತು ಮೆಣಸಿನ ಸಸಿ ತೊಟ್ಟೆಯಲ್ಲಿ ಹಾಕಿ ಸ್ಕೂಟರಿನ ಹುಕ್ಕಿಗೆ ನೇತಾಡಿಸಿ ಬ್ರಹ್ಮಾವರದಿಂದ ತಂದೆ, ಮನೆಗೆ ಮುಟ್ಟುವಾಗ ಅದ್ರಲ್ಲಿ ಹನ್ನೊಂದು ಮಾತ್ರ ಸಸಿಯ ಹಾಗೆ ಇದ್ದದ್ದು.